ನನ್ನ ದವಡೆಯಲ್ಲಿ ಯಾರೋ ಒಬ್ಬರು

ಸಹಿ ಹಾಕುವ ಜಾಗಕ್ಕೆ ಯಾರಾದರೂ ಬೆರಳಿಟ್ಟು ತೋರಿಸಿದರೆ ಸಾಕು, ಮೇಲೆ ಏನು ಬರೆದಿದೆ ಅಂತ ನೋಡದೆ ಸಹಿ ಹಾಕಿಬಿಡುವವರ ಪೈಕಿ ನಾನು. ಬ್ಯಾಂಕಿನಲ್ಲೂ ಹಾಗೇ, ಮನೆ ಬಾಡಿಗೆ ಕರಾರಿನಲ್ಲೂ ಹಾಗೇ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ರಿಚರ್ಡ್ಸ್ ಟೌನಿನ ಶಾಲೆಯೊಂದರಲ್ಲಿ ಕನ್ನಡ ಟೀಚರ್. "ಪ್ರಶ್ನೆ ಎರಡು ಸಲ ಓದಿ, ಆಮೇಲೆ ಉತ್ತರ ಬರೀರಿ" ಅಂತ ಇಪ್ಪತ್ತು ವರ್ಷದಿಂದ ಕಿರುಚಿ ಗಂಟಲು ಕೆಡಿಸಿಕೊಂಡವಳು. ಗಂಟಲಿನ ಕಥೆ ಹಾಗಿರಲಿ, ಈಗ ಹೇಳಹೊರಟಿದ್ದು ದವಡೆಯ ಕಥೆ.

ಬೇಸಿಗೆ ರಜೆಯಲ್ಲಿ ನನ್ನ ಎಡಗಡೆಯ ದವಡೆಹಲ್ಲು ಕೈಕೊಟ್ಟಿತು. ಪುಲಿಕೇಶಿನಗರದ ಹಲ್ಲಿನ ಡಾಕ್ಟರು ನಾನು ಪಾಠ ಹೇಳಿದ ಹುಡುಗಿಯರ ವಯಸ್ಸಿನವರು. "ಹಲ್ಲಿನ ಸುತ್ತ ಮೂಳೆ ತುಂಬಾ ಸವೆದಿದೆ ಮೇಡಂ. ಕಿತ್ತು ಹಾಗೇ ಬಿಟ್ರೆ ಮುಂದೆ ಹೊಸ ಹಲ್ಲು ಕೂರಿಸೋಕೆ ಗಟ್ಟಿ ಜಾಗ ಇರಲ್ಲ. ಗುಂಡಿಗೆ ಬೋನ್ ಗ್ರಾಫ್ಟ್ ತುಂಬಿ ಹೊಲಿಗೆ ಹಾಕ್ತೀನಿ, ಐದು ತಿಂಗಳು ಕಾಯೋಣ" ಅಂದರು. ನನ್ನ ಗಮನವೆಲ್ಲ ತಟ್ಟೆಯಲ್ಲಿದ್ದ ಇಕ್ಕಳದ ಮೇಲೆ. ಎರಡು ಪುಟದ ಕಾಗದ ಬಂತು, ಬೆರಳು ಬಂತು, ಸಹಿ ಹಾಕಿದೆ. ಆಮೇಲೆ ಪುಟ್ಟ ಬಟ್ಟಲಲ್ಲಿ ಬಾಂಬೆ ರವೆಯಂಥದ್ದೇನೋ ಕಲಸುವುದು ಕಾಣಿಸಿತು. ಯಾವುದೋ ಒಳ್ಳೆ ಸಿಮೆಂಟು ಇರಬೇಕು ಅಂದುಕೊಂಡೆ.

ಮೂರನೇ ದಿನ ಗಂಜಿ ಕುಡಿಯುತ್ತಿರುವಾಗ ನಾಲಿಗೆಗೆ ಒಂದು ಹರಳು ಸಿಕ್ಕಿತು. ಗಾಬರಿಯಿಂದ ಫೋನ್ ಮಾಡಿದೆ. "ಒಂದೆರಡು ಹರಳು ಉದುರೋದು ಸಹಜ, ಹೆದರಬೇಡಿ. ಆದ್ರೆ ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಏನೂ ಹೀರಬೇಡಿ" ಅಂದರು ಡಾಕ್ಟರು. ಉಗುಳಬಾರದು ಅಂದರಲ್ಲ, ವಿಧೇಯಳಾಗಿ ಗಂಜಿಯ ಜೊತೆ ನುಂಗಿಬಿಟ್ಟೆ.

ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಹೋದಾಗ, ಸುಮ್ಮನೆ ಮಾತಿಗೆ ಅಂತ ಕೇಳಿದೆ: "ಅದು ಯಾವ ಕಂಪನಿ ಪುಡಿ ಡಾಕ್ಟ್ರೇ?"

"ಡೋನರ್ ಬೋನ್ ಮೇಡಂ."

"ಅಂದ್ರೆ?"

"ತೀರಿಕೊಂಡವರದು. ಮನೆಯವರು ದಾನ ಕೊಟ್ಟಿರ್ತಾರೆ. ಪೂರ್ತಿ ಶುದ್ಧ ಮಾಡಿ ಪುಡಿ ಮಾಡಿರ್ತಾರೆ, ಏನೂ ಭಯ ಇಲ್ಲ. ಎರಡನೇ ಪುಟದಲ್ಲಿ ಇತ್ತಲ್ಲ? ಸಹಿ ಹಾಕಿದ್ರಲ್ಲ?"

ಬಾಯಿ ತೆರೆಯಿರಿ ಅಂತ ಅವರು ಹೇಳಬೇಕಾಗಲೇ ಇಲ್ಲ. ಅದು ತಾನಾಗಿ ತೆರೆದುಕೊಂಡು ಹಾಗೇ ನಿಂತಿತ್ತು. ಹೊಲಿಗೆ ಬಿಚ್ಚಿದ ಮೇಲೂ ಮುಚ್ಚಲಿಲ್ಲ. "ಹೆಂಗಸರದೋ, ಗಂಡಸರದೋ?" ಅಂತ ಕೊನೆಗೆ ಕೇಳಿದೆ. "ಅದೆಲ್ಲ ಗೊತ್ತಾಗಲ್ಲ ಮೇಡಂ" ಅಂದರು. ಆಟೊ ಹತ್ತಿ ಕಮ್ಮನಹಳ್ಳಿ ಮೇನ್ ರೋಡಿಗೆ ಬರುವ ಹೊತ್ತಿಗೆ ಇನ್ನೊಂದು ನೆನಪಾಯಿತು. ಆ ಹರಳು! ಗಂಜಿಯ ಜೊತೆ ನುಂಗಿದ್ದು!

ಮನೆಯಲ್ಲಿ ನಮ್ಮನೆಯವರು ಹೊಟ್ಟೆ ಹಿಡಿದು ನಕ್ಕರು. "ಇಷ್ಟು ದಿನ ನೀನೊಬ್ಬಳೇ ಬೈತಿದ್ದೆ, ಇನ್ಮೇಲೆ ಇಬ್ಬರು" ಅಂದರು. ಅತ್ತೆ ನಗಲಿಲ್ಲ. ಅವರು ಕೊಪ್ಪಳದ ಕಡೆಯವರು, ಮಾತು ಕಮ್ಮಿ. "ಯಾವ ತಾಯಿ ಹಡೆದ ಜೀವಾನೋ ಏನೋ. ಹೆಸರು ಏನಂತ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ಹೆಸರೂ ಕೇಳದೆ ಬಾಯಾಗ ಇಟ್ಕೊಂಡು ಬಂದೀಯಲ್ಲವ್ವಾ!" ಅಂದುಬಿಟ್ಟರು. ಶಾಲೆ ಶುರುವಾದಾಗ ಸ್ಟಾಫ್ ರೂಮಿನಲ್ಲಿ ನಸೀಮಾ ಟೀಚರಿಗೆ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚಿಟ್ಟು, "ಯಾ ಅಲ್ಲಾ! ಅವರಿಗೋಸ್ಕರ ನಾನೂ ದುವಾ ಮಾಡ್ತೀನಿ ರೀ" ಅಂದರು. ಇಬ್ಬರಿಗೂ ಮೊದಲು ನೆನಪಾದದ್ದು ಆ ಮನುಷ್ಯರು. ನನಗೆ ನೆನಪಾದದ್ದು ನುಂಗಿದ ಹರಳು.

ಆಮೇಲಾಮೇಲೆ ಅವರನ್ನು ನೆನೆಯುವುದು ನನಗೂ ಅಭ್ಯಾಸವಾಯಿತು. ಹಲ್ಲುಜ್ಜುವಾಗ ಆ ಕಡೆ ಬ್ರಷ್ಷು ಮೆಲ್ಲಗೆ ಹೋಗುತ್ತಿತ್ತು. ಏಳನೇ ಕ್ಲಾಸಿನವರನ್ನು "ಕತ್ತೆಗಳಾ" ಅನ್ನಲು ಬಾಯಿ ತೆರೆದವಳು, ಪಾಪ ದವಡೆಯಲ್ಲಿರುವವರು ಎಂಥ ಸಭ್ಯರೋ ಏನೋ, ನನ್ನ ಜೊತೆ ಸೇರಿ ಅವರ ಬಾಯೂ ಯಾಕೆ ಕೆಡಬೇಕು ಅಂತ ಸುಮ್ಮನಾಗಿದ್ದುಂಟು. ಮಕ್ಕಳು ನನಗೆ ಹುಷಾರಿಲ್ಲ ಅಂದುಕೊಂಡರು.

ಐದು ತಿಂಗಳಾದ ಮೇಲೆ ಎಕ್ಸ್‌ರೇ ತೆಗೆದ ಡಾಕ್ಟರು ಖುಷಿಯಾಗಿದ್ದರು. "ಚೆನ್ನಾಗಿ ಕೂಡ್ಕೊಂಡಿದೆ. ಈಗ ಇಲ್ಲಿರೋದು ಹೆಚ್ಚುಕಮ್ಮಿ ನಿಮ್ಮದೇ ಮೂಳೆ. ನಾವು ತುಂಬಿದ್ದು ಕಟ್ಟಡಕ್ಕೆ ಕಟ್ಟೋ ಸಾರುವೆ ಇದ್ದ ಹಾಗೆ. ಅದನ್ನ ಹಿಡ್ಕೊಂಡು ನಿಮ್ಮ ಮೂಳೆ ಬೆಳೆಯುತ್ತೆ, ಅದು ನಿಧಾನಕ್ಕೆ ಕರಗಿ ಹೋಗುತ್ತೆ."

ಮೊದಲ ಸಲಕ್ಕಿಂತ ಈ ಸಲ ದೊಡ್ಡ ಆಘಾತವಾಯಿತು. "ಹಾಗಾದ್ರೆ ಅವರು?" ಅಂದೆ.

"ಯಾರು ಮೇಡಂ?"

ನನಗೊಂದು ದವಡೆ ಕಟ್ಟಿಕೊಟ್ಟು, ಒಂದು ಮಾತೂ ಹೇಳದೆ ಹೋಗಿಬಿಟ್ಟಿದ್ದರು.

ಮುಂದಿನ ವಾರವೇ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ಹಬ್ಬ. ಅತ್ತೆ ಅಡುಗೆಮನೆಯಿಂದ ಕರೆದರು. "ಈ ಸಲ ನಿನ್ನ ಬಾಯಾಗಿರೋರಿಗೂ ಒಂದು ಎಡಿ ಇಡೂಣು. ಅವರಿಗೆ ಏನು ಸೇರತಿತ್ತೋ? ನಿನಗೇನರ ತಿಳೀತೈತೇನು?"

ಎಕ್ಸ್‌ರೇ ವಿಷಯ ಹೇಳಬೇಕಿತ್ತು. ಆದರೆ ನನ್ನ ಹಲ್ಲು ಕೆಟ್ಟಾಗಿನಿಂದ ಅತ್ತೆ ಮನೆಯಲ್ಲಿ ಸಿಹಿಯನ್ನೇ ನಿಲ್ಲಿಸಿದ್ದರು. "ಹೋಳಿಗೆ ಅನ್ಸುತ್ತೆ ಅತ್ತೆ. ತುಪ್ಪ ಸ್ವಲ್ಪ ಜಾಸ್ತಿ" ಎಂಬ ಮಾತು ಬಾಯಿಂದ ಜಾರಿತು. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಮಾವನ ಫೋಟೊ ಪಕ್ಕ ಫೋಟೊ ಇಲ್ಲದವರಿಗೂ ಎಲೆ ಹಾಕಿದರು. ಅತ್ತೆ ಕೈಮುಗಿದು, "ನೀ ಯಾರರ ಇರು, ನಮ್ಮ ಹುಡುಗಿಗೆ ಆಗಿ ಬಂದಿ. ಹೊಟ್ಟಿತುಂಬ ಉಣ್ಣು" ಅಂದಾಗ ನನ್ನ ಕಣ್ಣು ನಿಜಕ್ಕೂ ತುಂಬಿಬಂತು. ಆಮೇಲೆ ಆ ಎಲೆಯನ್ನು ನನ್ನ ಮುಂದೆಯೇ ಇಟ್ಟರು. "ನೀನ ಉಣ್ಣಬೇಕು. ಅವರಿಗೆ ಬ್ಯಾರೆ ಬಾಯಿ ಎಲ್ಲೈತಿ?"

ಎರಡು ಹೋಳಿಗೆ ಮುಗಿಸಿದೆ. ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕೈ ಮೂರನೆಯದಕ್ಕೆ ಹೋಗಿದ್ದು ಕಂಡು ನಾನೇ ದಂಗಾದೆ.

"ಸಾಕು ಬಿಡವ್ವಾ" ಅಂದರು ಅತ್ತೆ.

"ನಂಗೆ ಸಾಕಾಗಿದೆ ಅತ್ತೆ," ಅಂದೆ, "ಅವರೇ ಬಿಡ್ತಿಲ್ಲ."