ಎರಡು ಪಂಚಾಂಗ, ಒಂದು ಗದ್ವಾಲ ಪ್ರವಾಸ

ನನ್ನ ಹೊಟ್ಟೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ಏಕಾದಶಿಗೆ ಹೊಂದಿಕೊಳ್ಳುವಂಥದ್ದಲ್ಲ. ಮಾಧ್ವರ ಮನೆಯಲ್ಲಿ ಹುಟ್ಟಿ, ಮುಂಜಿ ಆದಾಗಿನಿಂದ ತಿಂಗಳಿಗೆ ಎರಡು ಸಲ ಉಪವಾಸ ಮಾಡುತ್ತ ಬಂದಿದ್ದೇನೆ. ಆದರೂ ಪ್ರತಿ ಏಕಾದಶಿಯ ದಿನ ಮಧ್ಯಾಹ್ನ ಹನ್ನೆರಡಾಗುತ್ತಲೇ ಈ ಹೊಟ್ಟೆ, ಇಂಥ ಅನ್ಯಾಯವನ್ನು ಮೊದಲ ಸಲ ಕಂಡಂತೆ ಗುಡುಗಲು ಶುರುಮಾಡುತ್ತದೆ.

ಹೀಗಿರುವಾಗ ಗದ್ವಾಲದ ಕೋಟೆ ನೋಡಲು ಹೋಗಬೇಕೆಂದು ನಿಗದಿ ಮಾಡಿದ್ದ ಭಾನುವಾರವೇ ಏಕಾದಶಿ ಎಂದು ಗುರುವಾರ ಸಂಜೆ ಗೊತ್ತಾದರೆ ನನಗೆ ಹೇಗಾಗಿರಬೇಡ? ಮಗಳು ಅಖಿಲಾ ಮತ್ತು ಅವಳಿಗಿಂತ ಮೂರು ವರ್ಷ ಚಿಕ್ಕವನಾದ ಮಗ ಲಕ್ಷ್ಮಣ ಈ ಪ್ರವಾಸಕ್ಕಾಗಿ ಎರಡು ವರ್ಷದಿಂದ ಕಾದಿದ್ದರು. ಮೂರು ಸಲ ಮುಂದೂಡಿದ್ದಾಗಿತ್ತು. (ಒಮ್ಮೆ ಜ್ವರ, ಒಮ್ಮೆ ಅತಿಥಿಗಳು, ಒಮ್ಮೆ ನನ್ನ ಸೋಮಾರಿತನ. ನನ್ನ ಹೆಂಡತಿ ಪ್ರಿಯಂವದಾಳ ಪ್ರಕಾರ ಮೂರೂ ಸಲ ಮೂರನೆಯದೇ.) ಮುಂದಿನ ವಾರದಿಂದ ಮಕ್ಕಳಿಗೆ ಪರೀಕ್ಷೆ. ಡ್ರೈವರ್ ರಾಮುಲುವಿನ ಕಾರು ಹೇಳಿಯಾಗಿತ್ತು. ಬುತ್ತಿಗೆ ಹುಳಿಯನ್ನ, ಮೊಸರನ್ನ, ಶೇಂಗಾ ಹೋಳಿಗೆ ಎಂದೂ ತೀರ್ಮಾನವಾಗಿತ್ತು. ಅದನ್ನು ಬೇರೆಯವರು ಉಣ್ಣುವುದನ್ನು ನೋಡಲು ನಾರಾಯಣಪೇಟೆಯಿಂದ ಗದ್ವಾಲದವರೆಗೆ ಹೋಗಬೇಕೇ?

ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಇನ್ನೊಂದು ಪಂಚಾಂಗ ತೂಗುತ್ತದೆ. ಅದು ಪ್ರಿಯಂವದಾಳ ತವರಿನ ಮಠದ್ದು. ರಾಯಚೂರಿನಿಂದ ನಮ್ಮ ಅತ್ತೆ ಇಂದಿರಾಬಾಯಿ ಪ್ರತಿ ಯುಗಾದಿಗೆ ತಪ್ಪದೆ ಕಳಿಸುತ್ತಾರೆ. ಈ ಮನೆಯಲ್ಲಿ ಅದು ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆಯಲು ಮಾತ್ರ ಬಳಕೆಯಾಗುತ್ತದೆ. ಚಂದ್ರ ಒಬ್ಬನೇ ಆದರೂ ತಿಥಿಯ ಲೆಕ್ಕ ಹಾಕುವ ಮಠಗಳು ಎರಡು. ಹಾಗಾಗಿ ವರ್ಷದಲ್ಲಿ ಒಂದೆರಡು ಸಲ ನಮ್ಮ ಏಕಾದಶಿ ಇವತ್ತಾದರೆ ಅವರದು ನಾಳೆ. ಮದುವೆಯಾದ ಮೇಲೆ ಗಂಡನ ಮನೆಯ ಮಠವೇ ಹೆಂಡತಿಗೂ ಎಂಬುದು ನಮ್ಮಲ್ಲಿ ರೂಢಿ. ಮೆಲ್ಲಗೆ ಹೋಗಿ ಬಾಗಿಲ ಹಿಂದೆ ನೋಡಿದೆ. ಅಲ್ಲಿ ಭಾನುವಾರ ದಶಮಿ, ಒಂದು ಹೊತ್ತಿನ ಊಟಕ್ಕೆ ಅಡ್ಡಿಯಿಲ್ಲ. ಏಕಾದಶಿ ಸೋಮವಾರ!

"ಈ ಸಲ ನಿಮ್ಮ ತವರಿನ ಪಂಚಾಂಗದ ಪ್ರಕಾರ ಏಕಾದಶಿ ಮಾಡೋಣೇನು?" ಎಂದೆ, ಆದಷ್ಟು ಸಹಜವಾಗಿ.

ಪ್ರಿಯಂವದಾಳ ಕೈಯಲ್ಲಿದ್ದ ಸೌಟು ನಿಂತಿತು. "ಖರೇನ ಹೇಳಾಕತ್ತೀರೇನು?"

"ಖರೇನ."

"ಹನ್ನೆರಡು ವರ್ಷ ಆತ್ರಿ ನಾ ಈ ಮನಿಗೆ ಬಂದು. ನಮ್ಮ ಮಠದ್ದೂ ಒಂದು ಲೆಕ್ಕ ಅದ ಅಂತ ನಿಮ್ಮ ಬಾಯಾಗ ಇವತ್ತ ಮೊದಲನೇ ಸಲ ಬಂತು ನೋಡ್ರಿ."

ಅವಳ ಕಣ್ಣು ತುಂಬಿ ಬಂತು. ಐದು ನಿಮಿಷದಲ್ಲಿ ರಾಯಚೂರಿಗೆ ಫೋನ್ ಹೋಯಿತು. "ಅವ್ವಾ, ಅವರೇ ಕೇಳಿದ್ರವ್ವಾ, ನಾ ಒಂದ್ ಮಾತೂ ಆಡಿಲ್ಲ" ಎನ್ನುತ್ತಿದ್ದ ಅವಳ ದನಿ ಕೇಳಿ ನನಗೆ ಸ್ವಲ್ಪ ನಾಚಿಕೆಯಾಯಿತು. ಹುಳಿಯನ್ನವನ್ನು ನೆನೆದು ಸುಧಾರಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮಕ್ತಲ್ ದಾಟಿದೆವು. ಜೂರಾಲ ಅಣೆಕಟ್ಟಿನ ಮೇಲೆ ಲಕ್ಷ್ಮಣ ಗೇಟುಗಳನ್ನು ಎಣಿಸುತ್ತ ಹೋಗಿ, ಅಕ್ಕ ನಡುವೆ ಮಾತಾಡಿಸಿದಳೆಂದು ಅತ್ತ. ಧರೂರಿನ ಹತ್ತಿರ ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರಾಗಿ ಕಂಡವು. ಪ್ರಿಯಂವದಾ ಕಿಟಕಿಯಾಚೆ ನೋಡುತ್ತ ಸಣ್ಣಗೆ ದೇವರನಾಮ ಗುನುಗುತ್ತಿದ್ದಳು. ನಾನು ಮಾತ್ರ ಹಿಂದಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆಯಲ್ಲಿ ಏಕಾಗ್ರನಾಗಿದ್ದೆ.

ಗದ್ವಾಲದ ಕೋಟೆಯೊಳಗೆ ಚೆನ್ನಕೇಶವನ ದರ್ಶನವಾಯಿತು. ಹನ್ನೊಂದೂವರೆಗೆ ಬೇವಿನ ನೆರಳಲ್ಲಿ ಜಮಖಾನ ಹಾಸಿದೆವು. ಮುತ್ತುಗದ ಎಲೆ ನನ್ನ ಮುಂದೆ ಬಂತು. ಅದರ ಮೇಲೆ ಹುಳಿಯನ್ನ ಬಂತು. ಮೊದಲ ತುತ್ತಿಗೆ ಕೈ ನೀಡಿದ್ದೆ, ಅಷ್ಟರಲ್ಲಿ ಹಿಂದಿನಿಂದ ದನಿ ಕೇಳಿತು:

"ಯಾರದು, ಸುಧೀಂದ್ರನೇನೋ?"

ತಿರುಗಿ ನೋಡಿದರೆ ಸುಶಮೀಂದ್ರಾಚಾರ್ಯರು! ಮಕ್ತಲ್‌ನಲ್ಲಿ ಹುಡುಗನಾಗಿದ್ದಾಗ ನನ್ನ ಕಿವಿ ಹಿಂಡಿ ಸಂಧ್ಯಾವಂದನೆ ಕಲಿಸಿದ ಗುರುಗಳು. ಈಗ ಎಂಬತ್ತರ ಹತ್ತಿರದ ವಯಸ್ಸು, ಗದ್ವಾಲದಲ್ಲಿ ಮಗಳ ಮನೆಯಲ್ಲಿರುತ್ತಾರೆ. ನಾನು ಎಲೆ ಹಿಡಿದುಕೊಂಡೇ ಎದ್ದು ನಿಂತೆ.

"ಇವತ್ತ ಏಕಾದಶಿ. ಉಪವಾಸ ಅಲ್ಲೇನು ನೀನು?"

ಓದುಗರೇ, ಆಗ ನಾನು ಹೇಳಬೇಕಾದ್ದು ಒಂದೇ ಮಾತು: ಈ ಸಲ ನನ್ನ ಹೆಂಡತಿಯ ತವರಿನ ಲೆಕ್ಕ ಹಿಡಿದಿದ್ದೇವೆ ಎಂದು. ಆದರೆ ನನ್ನ ಕಿವಿಗಳಿಗೆ ಮೂವತ್ತು ವರ್ಷದ ಹಿಂದಿನ ಉರಿ ನೆನಪಾಯಿತು.

"ಹೌದ್ರಿ ಆಚಾರ್ರೇ, ಉಪವಾಸ. ಈ ಎಲಿ... ಡ್ರೈವರ್‌ಗೆ ಕೊಡಾಕ ಹಿಡಕೊಂಡೀನಿ."

"ಅಪ್ಪಾ, ನೀನೇ ಅಂದಿದ್ದಿಯಲ್ಲ, ಅಮ್ಮನ ಪಂಚಾಂಗ..." ಎಂದು ಶುರುಮಾಡಿದ ಲಕ್ಷ್ಮಣನ ಬಾಯಿಗೆ ಹೋಳಿಗೆ ತುರುಕಿದೆ. ಪ್ರಿಯಂವದಾ ನನ್ನ ಕೈಯಿಂದ ಎಲೆ ತೆಗೆದುಕೊಂಡು ಹೋಗಿ ರಾಮುಲುವಿಗೆ ಕೊಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಚಾರ್ಯರು ಅವಳತ್ತ ತಿರುಗಿದರು. "ನಿಮ್ಮ ಮದುವಿಗೆ ಬಂದಿದ್ದೆನವಾ ನಾನು. ನಿಮ್ಮ ತವರಿನವರಿಗೆ ಏಕಾದಶಿ ನಾಳೆ ಅಲ್ಲೇನು? ನೀ ಉಣ್ಣು ತಾಯಿ, ಏನೂ ತಪ್ಪಿಲ್ಲ. ಅದೂ ಶಾಸ್ತ್ರಾನೇ."

(ಅಂದರೆ ನಾನು ನಿಜ ಹೇಳಿದ್ದರೂ ಕಿವಿ ಉಳಿಯುತ್ತಿತ್ತು, ಊಟವೂ ಉಳಿಯುತ್ತಿತ್ತು!)

"ಅಮ್ಮಾ, ಶಾನಾ ಬಾಗುಂದಿ! ಭಾಳ ರುಚಿ ಐತಿ, ಇನ್ನೊಂದೀಟು ಹಾಕ್ರಿ," ಎಂದ ರಾಮುಲು. "ಸಾರ್‌ಗ ಹೆಂಗೂ ಉಪಾಸ ಐತಲ್ಲ, ಅವರ ಪಾಲಿನ ಹೋಳಿಗಿನೂ ಇತ್ಲಾಗ ಬರಲಿ."

ಮಕ್ಕಳ ಊಟವಾದ ಮೇಲೆ, ಉಪವಾಸದ ಜೊತೆಗಾರ ಸಿಕ್ಕನೆಂಬ ಸಂತೋಷದಲ್ಲಿ ಆಚಾರ್ಯರು ನಮ್ಮನ್ನು ಕೋಟೆ ತೋರಿಸಲು ಹೊರಡಿಸಿದರು. ಪ್ರಿಯಂವದಾ ಬುತ್ತಿಯ ಹತ್ತಿರವೇ ಉಳಿದಳು. ಎರಡು ಗಂಟೆ ಬಿಸಿಲಲ್ಲಿ ಸುತ್ತಿದೆವು. ಮಣ್ಣಿನ ಗೋಡೆಯ ತೂತುಗಳಲ್ಲಿದ್ದ ಗಿಳಿಗಳನ್ನು ಅವರು ಲಕ್ಷ್ಮಣನಿಗೆ ತೋರಿಸಿದರು. ಗುಡಿಯ ಗೋಪುರದ ಒಂದೊಂದು ಗೊಂಬೆಯನ್ನೂ ಅಖಿಲಾಳಿಂದ ಗುರುತು ಹಿಡಿಸಿದರು. ತಾವು ಇದೇ ಊರಲ್ಲಿ ಹುಡುಗರಿದ್ದಾಗ ಯಾವ ಇಳಿಜಾರಿನಲ್ಲಿ ಜಾರಿ ಧೋತರ ಹರಿದುಕೊಂಡರು, ಅಪ್ಪನ ಕೈಯಲ್ಲಿ ಎಷ್ಟು ಏಟು ತಿಂದರು ಎಂಬುದನ್ನು ಅಭಿನಯಿಸಿಯೇ ತೋರಿಸಿದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. (ನಾನೂ ಹೊಟ್ಟೆ ಹಿಡಿದುಕೊಂಡಿದ್ದೆ, ಕಾರಣ ಬೇರೆ.) ನಾನೊಬ್ಬನೇ ಇದ್ದಿದ್ದರೆ ಬಾಗಿಲ ಬಳಿಯ ಫಲಕ ಓದಿಸಿ ಹತ್ತು ನಿಮಿಷದಲ್ಲಿ ಕೋಟೆ ಮುಗಿಸುತ್ತಿದ್ದೆ. ಆ ಮುದುಕರಿಗೆ ನಾನು ಎಷ್ಟು ನಮಸ್ಕಾರ ಮಾಡಿದರೂ ಕಡಿಮೆಯೇ.

ತಿರುಗಿ ಬಂದಾಗ ಪ್ರಿಯಂವದಾ ಡಬ್ಬಿಗಳನ್ನು ಕಟ್ಟುತ್ತಿದ್ದಳು. ಅವಳ ಎಲೆ ಮಡಚಿದ್ದು ಮಡಚಿದಂತೆಯೇ ಇತ್ತು.

"ನೀ ಯಾಕ ಉಣಲಿಲ್ಲ? ಆಚಾರ್ರು ಉಣ್ಣು ಅಂದ್ರಲ್ಲ!"

"ಬಿಸಿಲಾಗ ನೀವು ಹಸಕೊಂಡು ತಿರಗಾಕತ್ತೀರಿ. ಗಂಟಲದಾಗ ಹೆಂಗ ಇಳೀತದರಿ?" ಗಂಟು ಬಿಗಿಯುತ್ತ ಮೆಲ್ಲಗೆ ಅಂದಳು. "ನಾಳೆ ನೀವು ಆರಾಮ ಉಣ್ರಿ. ನಾ ಮಾತ್ರ ನಾಳೆನೂ ಇರ್ತೀನಿ. ಅವ್ವಗ ಹೇಳಿಬಿಟ್ಟೀನಿ."

ನನ್ನ ಒಂದು ಪುಕ್ಕಲು ಮಾತಿಗೆ ಇವಳಿಗೆ ಎರಡು ದಿನ ಉಪವಾಸ! ನನಗೆ ನಿಜವಾಗಿಯೂ ಸಂಕಟವಾಯಿತು. ಹೊಟ್ಟೆಯನ್ನು ಒಂದು ಮಾತು ಕೇಳದೆ ನಾಲಿಗೆ ಹೇಳಿಯೇಬಿಟ್ಟಿತು: "ನಾಳೆ ನಾನೂ ಇರ್ತೀನಿ. ಮಾತು ಕೊಟ್ಟೀನಲ್ಲ."

ಆ ಸುಳ್ಳಿನ ನಂತರ ಮೊದಲ ಸಲ ಅವಳು ನನ್ನ ಮುಖ ನೋಡಿದಳು. ಆಮೇಲೆ ಅವಳಿಗೇ ಚಿಂತೆ ಹತ್ತಿತು. "ಅದ್ಹೆಂಗ ಆಗ್ತದರಿ? ನಿಮ್ಮ ಮಠದ ಪ್ರಕಾರ ನಾಳೆ ದ್ವಾದಶಿ. ಬೆಳಿಗ್ಗೆ ಊಟ ಮಾಡಿ ಪಾರಣಿ ಮಾಡದಿದ್ರ ಇವತ್ತಿನ ಉಪವಾಸ ದಂಡ!"

ಉಂಡರೆ ಅವಳ ಏಕಾದಶಿ ಕೆಡುತ್ತದೆ, ಉಣ್ಣದಿದ್ದರೆ ನಮ್ಮ ದ್ವಾದಶಿ ಕೆಡುತ್ತದೆ. ನಮ್ಮ ಪೇಚಾಟ ಕೇಳಿ ಆಚಾರ್ಯರು ಹತ್ತಿರ ಬಂದರು. ವಿಷಯ ಮುಚ್ಚಿಡದೆ ಹೇಳಿದೆ. ಉಣ್ಣಲು ಶಾಸ್ತ್ರದಲ್ಲಿ ದಾರಿಯಿದ್ದೇ ಇರುತ್ತದೆಂಬ ಆಸೆಯಿಂದ ಅವರ ಬಾಯನ್ನೇ ನೋಡುತ್ತ ನಿಂತೆ.

"ಅದಕ್ಕೇನಂತ," ಎಂದರು ಅವರು. "ಬೆಳಿಗ್ಗೆ ಒಂದು ಉದ್ಧರಣಿ ತೀರ್ಥ ತೊಗೋ. ನೀರಿಲೆ ಪಾರಣಿನೂ ಆತು, ಉಪವಾಸನೂ ಮುರೀಲಿಲ್ಲ. ಶಾಸ್ತ್ರ ಭಾಳ ದಯಾ ಉಳ್ಳದ್ದೋ ಸುಧೀಂದ್ರಾ."

ಸೋಮವಾರ ಬೆಳಿಗ್ಗೆ ಆ ದಯೆ ಒಂದು ಸಣ್ಣ ತಾಮ್ರದ ಚಮಚದಲ್ಲಿ ಬಂತು, ಕುಡಿದೆ. ಅವಳೂ ಕುಡಿದಳು. ಕಚೇರಿಯಲ್ಲಿ ಅವತ್ತೇ ಯಾರಿಗೋ ಬಡ್ತಿ ಸಿಕ್ಕು ಮಿರ್ಚಿ ಭಜಿ ಹಂಚಿದರು. ಆ ವಿಷಯ ಬೇಡ.

ಸಂಜೆ ಗೋಡೆಗೆ ಒರಗಿ ಕೂತಿದ್ದಾಗ ಅತ್ತೆಯವರ ವಿಡಿಯೋ ಕಾಲ್ ಬಂತು. ಇಂದಿರಾಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಮ್ಮ ಮಠದ್ದೂ ಮಾಡಿ ನಮ್ಮ ಮಠದ್ದೂ ಮಾಡಿದ್ರಂತ! ಇಂಥಾ ಅಳಿಯ ನಮ್ಮ ಓಣ್ಯಾಗ ಯಾರಿಗೂ ಇಲ್ಲ ನೋಡ್ರಿ. ಎಲ್ಲಾರ ಮನಿಗೂ ಹೋಗಿ ಹೇಳಿ ಬಂದೆ. ಮುಂದಿನ ವರ್ಷದ ಎರಡೂ ಪಂಚಾಂಗ ತರಿಸಿ, ಏಕಾದಶಿ ಬ್ಯಾರೆ ಬ್ಯಾರೆ ಬರೋ ದಿನಕ್ಕೆಲ್ಲಾ ಕೆಂಪು ಶಾಯಿಲೆ ಗುರುತು ಹಾಕಿ ನಾನೇ ಕಳಸ್ತೀನಿ. ಹಿಂಗೇ ಎರಡೆರಡು ದಿನ ಮಾಡ್ರಿ, ಬಿಡಬ್ಯಾಡ್ರಿ!"

ಕಾಪಾಡು ಎಂಬಂತೆ ಹೆಂಡತಿಯ ಕಡೆ ನೋಡಿದೆ. ಹಸಿವಿನಿಂದ ಬಾಡಿದ ಆ ಮುಖದಲ್ಲಿ, ಹನ್ನೆರಡು ವರ್ಷದಲ್ಲಿ ನಾನು ಕಂಡಿರದಷ್ಟು ಸಂತೋಷವಿತ್ತು.

"ಮಾಡ್ತಾರವ್ವಾ," ಎಂದಳು ಪ್ರಿಯಂವದಾ. "ಯಾಕ ಮಾಡಂಗಿಲ್ಲ?"

ಹೌದೆಂದು ತಲೆಯಾಡಿಸಿದೆ. ಅದಕ್ಕೂ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.