ಬಿಸಿನೀರಿನ ಸರದಿ

ಮನೆಗೆ ಏನೇ ಹೊಸ ಸಾಮಾನು ಬರಲಿ, ಅದನ್ನು ಬಳಸುವವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನ ಮಾಡುತ್ತಾರೆ. ಗ್ರೈಂಡರ್ ತಂದಾಗ ಹೀಗೇ ಆಯಿತು, ವಾಷಿಂಗ್ ಮೆಷಿನ್ ತಂದಾಗಲೂ ಹೀಗೇ. ಆಗೆಲ್ಲ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಗೀಸರ್ ವಿಷಯದಲ್ಲಿ ಮಾತ್ರ ಸುಮ್ಮನಿರಲಿಲ್ಲ, ಇನ್ನು ಮುಂದೆ ಯಾವುದಕ್ಕೂ ಇರುವುದಿಲ್ಲ.

೧. ಮುಟ್ಟಬ್ಯಾಡ

ನಮ್ಮದು ಬೀರೂರು. ನಾನು ಕಡೂರಿನ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂತಿರುತ್ತಾರೆ. ನಾನು ತಡವಾಗಿ ಹೋದರೆ ಅವರ ಹಸಿವೆಲ್ಲ ಸಿಟ್ಟಾಗಿ ನನ್ನ ಮೇಲೆ ತಿರುಗುತ್ತದೆ.

ಮನೆಯಲ್ಲಿ ಐದು ಜನ. ನೀರು ಕಾಯಿಸಲು ಇದ್ದದ್ದು ಒಂದೇ ಕಾಯಿಲ್, ಬಕೆಟ್ಟಿನಲ್ಲಿ ಮುಳುಗಿಸಿ ಸ್ವಿಚ್ ಹಾಕುವಂಥದ್ದು. ಮೊದಲ ಬಕೆಟ್ ಮಾವನವರಿಗೆ, ಅವರ ಪೂಜೆ ಆಗಬೇಕು. ಎರಡನೆಯದು ನಮ್ಮನೆಯವರಿಗೆ, ಅವರು ತರೀಕೆರೆಯ ಅಡಿಕೆ ಮಂಡಿಗೆ ರೈಲು ಹಿಡಿಯಬೇಕು. ಆಮೇಲೆ ಸ್ಕೂಲಿಗೆ ಹೋಗುವ ಮಗಳು, ಆಮೇಲೆ ಅತ್ತೆ. ನನ್ನ ಬಕೆಟ್ ಇನ್ನೂ ಉಗುರುಬೆಚ್ಚಗಾಗುವ ಮೊದಲೇ ಬಸ್ಸಿನ ಹೊತ್ತಾಗಿರುತ್ತಿತ್ತು. ಧನುರ್ಮಾಸದ ಚಳಿಯಲ್ಲೂ ತಣ್ಣೀರು ಹುಯ್ದುಕೊಂಡು ಓಡುತ್ತಿದ್ದೆ.

ಅಂಥದ್ದೊಂದು ಬೆಳಿಗ್ಗೆ ಎಮ್ಮೆದೊಡ್ಡಿ ಕಡೆಯ ಅಜ್ಜ ಒಬ್ಬರು ರಕ್ತ ಕೊಡಲು ಬಂದಿದ್ದರು. ಕಾವಲಿನಲ್ಲಿ ದನ ಮೇಯಿಸಿ ಗಟ್ಟಿಯಾದ ಮೈ, ಸೂಜಿಗೆ ಹೆದರುವ ಆಸಾಮಿಯೇ ಅಲ್ಲ. ನರ ಹುಡುಕಲು ಅವರ ತೋಳು ಮುಟ್ಟಿದೆ. ಗ್ಲೌಸ್ ಹಾಕಿದ್ದರೂ ನನ್ನ ಕೈಯ ಚಳಿ ದಾಟಿತೇನೋ, ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು.

"ಇನ್ನೂ ಚುಚ್ಚೇ ಇಲ್ಲ ಅಜ್ಜಾ" ಅಂದೆ.

"ಚುಚ್ಚೋದಾದ್ರೆ ಎಷ್ಟು ಬೇಕಾದ್ರೂ ಚುಚ್ಚವ್ವಾ. ಮುಟ್ಟಬ್ಯಾಡ" ಅಂದರು.

೨. ತರೀಕೆರೆಯ ಅಂಗಡಿ

ಅವತ್ತು ಸಂಜೆಯೇ ಮನೆಯಲ್ಲಿ ಹೇಳಿದೆ, ಗೀಸರ್ ತರಬೇಕು, ಅದೂ ಐದನೆಯವಳಿಗೆ ಬಿಸಿನೀರು ಬರುವಂಥದ್ದೇ ಆಗಬೇಕು ಅಂತ. ಮಾವನವರು ಪೇಪರ್ ಮಗುಚಿದರು. ಅತ್ತೆ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಈ ಮನೇಲಿ ನಾನೂ ಕೊನೇಲೇ ನೀರು ಹುಯ್ಕೊಂಡೋಳು ಕಣೇ. ನೀನು ಬಂದ್ಮೇಲೆ ಒಂದು ನಂಬರ್ ಮುಂದಕ್ಕೆ ಹೋದೆ. ನಂಗೆ ಸಿಕ್ಕಿರೋ ಪ್ರಮೋಷನ್ ಅದೊಂದೇ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಬಂತು.

ಭಾನುವಾರ ನಾನೂ ನಮ್ಮನೆಯವರೂ ತರೀಕೆರೆಯ ಅಂಗಡಿಗೆ ಹೋದೆವು. ಸೇಲ್ಸಿನ ಹುಡುಗ ಅವರಿಗೆ ಕುರ್ಚಿ ಹಾಕಿ ವಿವರಿಸತೊಡಗಿದ. ಟ್ಯಾಂಕ್ ಇರುವ ಗೀಸರ್ ನೀರನ್ನು ಕಾಯಿಸಿ ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಟ್ಯಾಂಕ್ ಇಲ್ಲದ್ದು, ಅಂದರೆ ಗ್ಯಾಸಿನ ಇನ್‌ಸ್ಟಂಟು, ಹರಿಯುವ ನೀರನ್ನು ಹರಿಯುತ್ತಿದ್ದ ಹಾಗೇ ಕಾಯಿಸುತ್ತದೆ.

"ಇನ್‌ಸ್ಟಂಟ್‌ನಲ್ಲಿ ಐದನೆಯವರಿಗೂ ಬಿಸಿ ಬರುತ್ತಾ?" ಅಂತ ನಾನು ಕೇಳಿದೆ.

"ಬರುತ್ತೆ ಸಾರ್, ಎಷ್ಟು ಜನ ಇದ್ರೂ ಬರುತ್ತೆ" ಅಂತ ನಮ್ಮನೆಯವರಿಗೆ ಹೇಳಿದ.

"ಟ್ಯಾಂಕ್‌ನಲ್ಲಿ?"

"ಹದಿನೈದು ಲೀಟರ್‌ದು ಐದು ಜನಕ್ಕೆ ಧಾರಾಳ ಸಾರ್. ಕೊನೆಯವರಿಗೆ ಸ್ವಲ್ಪ ತಣ್ಣಗಿರುತ್ತೆ. ಮನೇಲಿ ಲೇಡೀಸ್ ಇರ್ತಾರಲ್ಲ ಸಾರ್, ಅಡ್ಜಸ್ಟ್ ಮಾಡ್ಕೋತಾರೆ."

ನನಗೆ ಮೈ ಉರಿದುಹೋಯಿತು. "ನೋಡಪ್ಪಾ, ಆ ತಣ್ಣೀರು ಬೀಳೋದು ನನ್ನ ತಲೆ ಮೇಲೆ. ಹೇಳೋದೇನಿದ್ರೂ ನನಗೆ ಹೇಳು" ಅಂದೆ.

ಹುಡುಗ ಗಾಬರಿಯಾದ. ನಮ್ಮನೆಯವರ ಕಡೆ ತಿರುಗಿ ವಿನಯದಿಂದ ಕೇಳಿದ: "ಮೇಡಂಗೆ ಹೇಳ್ಲಾ ಸಾರ್?"

೩. ಖಾಲಾ ಸಾಕ್ಷಿ

ನಮ್ಮನೆಯವರ ಮನಸ್ಸೆಲ್ಲ ಟ್ಯಾಂಕಿನ ಮೇಲೆ. ಗೋಡೆ ಮೇಲೆ ದಪ್ಪಗೆ ಕಾಣುತ್ತದೆ, ಕೊಟ್ಟ ದುಡ್ಡು ಕಣ್ಣಿಗೆ ಬೀಳುತ್ತದೆ ಎನ್ನುವುದೇ ಅವರ ವಾದ. ಸಾಕ್ಷಿಗೆಂದು ಪಕ್ಕದ ಮನೆಯ ಹಿರಿಯ ಹೆಂಗಸನ್ನು ಕರೆದರು. ಬೀದಿಯ ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುವುದರಿಂದ ನಮಗೂ ಅವರು ಖಾಲಾ. ಅವರ ಮನೆಯಲ್ಲಿ ಟ್ಯಾಂಕ್ ಗೀಸರ್ ಇದೆ.

"ಹೇಳಿ ಖಾಲಾ, ಚೆನ್ನಾಗಿದೆ ತಾನೆ?"

"ಭಾಳ ಚೆನ್ನಾಗಿದೆ" ಅಂದರು ಖಾಲಾ. ನಮ್ಮನೆಯವರು ನನ್ನ ಕಡೆ ನೋಡಿ ಹುಬ್ಬು ಕುಣಿಸಿದರು. ಖಾಲಾ ಮುಂದುವರಿಸಿದರು: "ಹೋದ ಸಲ ನೀರು ಕಾಯೋದು ನಿಂತೋಯ್ತು. ಮೆಕ್ಯಾನಿಕ್ ಬಂದು ಬಿಚ್ಚಿದ. ಒಳಗೆಲ್ಲ ಬಿಳೀ ಕಲ್ಲು ಕಣಪ್ಪಾ. ನಮ್ಮ ಬೋರಿಂದು ಗಡಸು ನೀರಲ್ವಾ, ಕಾದೂ ಕಾದೂ ಪದರ ಕಟ್ಟಿದೆ. ಒಂದು ಬಾಣಲಿ ತುಂಬ ತೆಗೆದ."

"ಆಮೇಲೆ ಸರಿಹೋಯ್ತಲ್ಲ?" ಅಂತ ನಮ್ಮನೆಯವರು ಪಟ್ಟು ಬಿಡದೆ ಕೇಳಿದರು.

"ಸರಿಹೋಯ್ತು. ನೀನೂ ತಗೋ. ಕೂರ್ಸೋಕೆ ಪ್ಲಂಬರ್‌ನ ಕರಿ, ರಿಪೇರಿಗೆ ಮಾತ್ರ ಗಾರೆಯವನ್ನ ಕರಿ."

೪. ಅಜ್ಜಂಪುರದ ಪ್ರಯೋಗ

ಇನ್‌ಸ್ಟಂಟ್ ಇದ್ದದ್ದು ಅಜ್ಜಂಪುರದಲ್ಲಿ, ನಮ್ಮನೆಯವರ ಅಕ್ಕನ ಮನೆಯಲ್ಲಿ. ಬಾಯಿಮಾತು ಸಾಲದು ಅಂತ ನಾನು ಟವೆಲ್ಲು ಶಾಂಪೂ ಕಟ್ಟಿಕೊಂಡು ರೈಲು ಹತ್ತಿದೆ, ನಮ್ಮನೆಯವರೂ ಹಿಂದೆಯೇ ಹತ್ತಿದರು. ನೆಂಟರ ಮನೆಗೆ ಸ್ನಾನ ಮಾಡುವುದಕ್ಕೆಂದೇ ಹೋದವಳು ನಮ್ಮ ಕಡೆ ನಾನೊಬ್ಬಳೇ ಇರಬೇಕು.

ನಲ್ಲಿ ತಿರುಗಿಸಿದ ತಕ್ಷಣ ಹೊಗೆಯಾಡುವ ನೀರು. ಎಷ್ಟೋ ವರ್ಷದ ಮೇಲೆ ಅವಸರವಿಲ್ಲದೆ ತಲೆಗೆ ಹುಯ್ದುಕೊಂಡೆ. ಸುಖ ಅಂದರೆ ಅದು. ತಲೆ ತುಂಬ ಶಾಂಪೂ ನೊರೆ ಮಾಡಿಕೊಂಡಿದ್ದೆ, ಆಗ ನೀರು ಇದ್ದಕ್ಕಿದ್ದಂತೆ ತಣ್ಣಗಾಯಿತು. ನಾನು ಕಿರುಚಿದೆ. ಹೊರಗಿಂದ ಅತ್ತಿಗೆಯ ದನಿ ಕೇಳಿಸಿತು: "ಲೇ ತಮ್ಮಾ, ನಲ್ಲಿ ನಿಲ್ಸೋ."

ಆದದ್ದು ಇಷ್ಟೇ. ನೀರು ರಭಸವಾಗಿ ಬಂದರೆ ಮಾತ್ರ ಆ ಗೀಸರ್ ಹತ್ತಿಕೊಳ್ಳುತ್ತದೆ. ಅವರ ಮನೆಯ ಸಿಂಟೆಕ್ಸ್ ಟ್ಯಾಂಕ್ ಬಚ್ಚಲಿನ ನೆತ್ತಿಯ ಮೇಲೇ ಕೂತಿದೆ, ಎತ್ತರವಿಲ್ಲ. ಇನ್ನೊಂದು ನಲ್ಲಿ ತೆಗೆದರೆ ರಭಸ ಹೋಗಿ ಗೀಸರ್ ಆರುತ್ತದೆ. ನಮ್ಮನೆಯವರು ಉಪ್ಪಿಟ್ಟು ತಿಂದು ಕೈ ತೊಳೆಯಲು ಹೋಗಿದ್ದರು.

"ನೋಡಿದ್ಯಾ ನಿನ್ನ ಇನ್‌ಸ್ಟಂಟ್ ಹಣೇಬರಹ" ಅಂತ ಅವರು ಗೆದ್ದವರ ಹಾಗೆ ನಿಂತಿದ್ದರು. ನಮ್ಮ ಸಿಂಟೆಕ್ಸ್ ಎರಡನೇ ಮಹಡಿ ಮೇಲಿದೆ, ಈ ತೊಂದರೆ ನಮಗಿಲ್ಲ ಅಂದರೆ ಕೇಳಿಸಿಕೊಂಡರೆ ತಾನೆ.

"ದಿನಾ ಹೆಂಗೆ ಮಾಡ್ತೀರಿ ಅತ್ತಿಗೆ?" ಅಂತ ಕೇಳಿದೆ.

"ಒಬ್ರು ಸ್ನಾನಕ್ಕೆ ಹೋದ್ರೆ ಉಳಿದೋರು ಕೈ ಕಟ್ಕೊಂಡು ಕೂತ್ಕೋಬೇಕು ಕಣೇ. ನಿಮ್ಮ ಭಾವಂಗೇನೂ ಕಷ್ಟ ಆಗಿಲ್ಲ. ಅವರು ಮದುವೆ ಆದಾಗಿಂದ ಹಂಗೇ ಕೂತಿದಾರೆ."

೫. ಲೇಡೀಸ್

ಇಷ್ಟಾದ ಮೇಲೂ ನಮ್ಮನೆಯವರು ಒಂದು ಸಂಜೆ ತರೀಕೆರೆಯಿಂದ ಹದಿನೈದು ಲೀಟರಿನ ಟ್ಯಾಂಕ್ ಗೀಸರನ್ನೇ ರೈಲಿನಲ್ಲಿ ಹೊತ್ತು ತಂದರು. ಮಾರನೇ ದಿನವೇ ಗೋಡೆಗೆ ಕೂರಿಸಿದ್ದಾಯಿತು. ಸರದಿ ಅದೇ ಹಳೆಯದು. ಮಾವನವರು, ಇವರು, ಮಗಳು, ಅತ್ತೆ. ನನ್ನ ಹೊತ್ತಿಗೆ ಗೀಸರಿನಲ್ಲಿ ನೀರು ಇನ್ನೂ ಕಾಯುತ್ತಿದೆ ಅನ್ನುವ ಕೆಂಪು ದೀಪ ಉರಿಯುತ್ತಿತ್ತು, ನೀರು ತಣ್ಣಗಿರುತ್ತಿತ್ತು.

"ತಣ್ಣೀರು ಬರ್ತಿದೆ ಕಣ್ರೀ" ಅಂದೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ" ಅಂದರು.

ಸರಿ, ಮಾಡಿಕೊಂಡೆ. ಮಾರನೇ ದಿನ ಎಲ್ಲರಿಗಿಂತ ಮೊದಲು ಎದ್ದು ಸ್ವಿಚ್ ಹಾಕಿ, ನಾನೇ ಮೊದಲು ಹೋದೆ. ಮನಸ್ಸಿಗೆ ಬಂದಷ್ಟು ಹುಯ್ದುಕೊಂಡೆ. ಹೊರಗೆ ಬಂದು ಅತ್ತೆಗೆ ಹೇಳಿದೆ, "ಈಗ ನೀವು ಹೋಗಿ." ಅತ್ತೆ ಒಂದು ಸಲ ಮಾವನವರ ಕೋಣೆ ಕಡೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಟವೆಲ್ ಎಳೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಕೂದಲಿಂದ ಹಬೆ ಬಿಡುತ್ತ ನಗುತ್ತ ಬಂದರು. ಆಮೇಲೆ ಮಗಳು ಹೋದಳು.

ಅಷ್ಟರಲ್ಲಿ ಮಾವನವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. ಅತ್ತೆ ತಲೆ ಒರೆಸಿಕೊಳ್ಳುತ್ತಲೇ ಹೇಳಿದರು, "ನೀರು ಕಾಯ್ಲಿ ಇರ್ರಿ. ರಿಟೈರ್ಡ್ ಆಗಿದೀರಿ, ನಿಮಗ್ಯಾವ ರೈಲು?" ಮಾವನವರು ಪೇಪರ್ ಹಿಡಿದು ಕೂತರು.

ರೈಲು ಇದ್ದದ್ದು ನಮ್ಮನೆಯವರಿಗೆ. ಕಾಯುವಂತಿಲ್ಲ, ಹಾಗೇ ಬಚ್ಚಲಿಗೆ ಹೋದರು. ಒಳಗಿಂದ ಬಂದ ಕೂಗಿಗೆ ಖಾಲಾ ತಮ್ಮ ಬಾಗಿಲಿಗೆ ಬಂದರು. ಇವರು ಮೈಗೆಲ್ಲ ಸೋಪು, ಸೊಂಟಕ್ಕೆ ಟವೆಲ್ಲು, ಹಲ್ಲು ಕಟಕಟ ಅನ್ನಿಸುತ್ತ ಹೊರಗೆ ಬಂದರು.

"ಗೀಸರ್ ಕೆಟ್ಟಿದೆ ಕಣೇ."

"ಗೀಸರ್ ಚೆನ್ನಾಗೇ ಇದೆ ಕಣ್ರೀ. ಸರದಿ ಬದಲಾಗಿದೆ" ಅಂದೆ.

ಅವರು ನಂಬಲಿಲ್ಲ. ಅಲ್ಲೇ ನಿಂತು ಸೇಲ್ಸಿನ ಹುಡುಗನಿಗೆ ಫೋನ್ ಹಚ್ಚಿದರು. ಕೈಯೆಲ್ಲ ಸೋಪಾದ್ದರಿಂದ ಸ್ಪೀಕರ್ ಹಾಕಿ ಕಿಟಕಿಯ ಮೇಲಿಟ್ಟರು. ಹುಡುಗನ ದನಿ ಮನೆಗೆಲ್ಲ ಕೇಳಿಸಿತು.

"ಹದಿನೈದು ಲೀಟರ್ ಐದು ಜನಕ್ಕೆ ಧಾರಾಳ ಸಾರ್. ಕೊನೆಯವರಿಗೆ ಸ್ವಲ್ಪ ತಣ್ಣಗಿರುತ್ತೆ, ಆವತ್ತೇ ಹೇಳಿದ್ನಲ್ಲ. ಮನೇಲಿ ಲೇಡೀಸ್ ಅಡ್ಜಸ್ಟ್ ಮಾಡ್ಕೋತಾರೆ ಬಿಡಿ ಸಾರ್."

ನಾನು ಬ್ಯಾಗ್ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟಿಕೊಂಡು ಹೇಳಿದೆ:

"ಲೇಡೀಸ್‌ದು ಆಗ್ಲೇ ಸ್ನಾನ ಆಯ್ತು ಅಂತ ಹೇಳ್ರೀ ಅವನಿಗೆ."