ಪಿಯಾನೊ ಪರೀಕ್ಷೆಗೆ ಟೈಪಿಂಗ್ ಅತ್ತೆ

ಅತ್ತೆ: ಅಂದ್ರೆ ಪರೀಕ್ಷೆ ನಿನ್ನದು, ಬಾರಿಸೋದು ನಾನು, ಸರ್ಟಿಫಿಕೇಟು ನಿನಗೆ. ನಮ್ಮ ಕಾಲದಲ್ಲಿ ಇದಕ್ಕೆ ನಕಲು ಅಂತಿದ್ರು, ಗುಬ್ಬಿ.

ಗುಬ್ಬಿ: ನಕಲಲ್ಲ ಅತ್ತೆ! ನಾನು ಬಾರಿಸೋದನ್ನ ಹೋದ ತಿಂಗಳೇ ಕೇಳಿ ಮುಗಿಸಿದಾರೆ. ಇವತ್ತು ನಾನು ಹೇಗೆ ಕಲಿಸ್ತೀನಿ ಅಂತ ನೋಡ್ತಾರೆ. ಕಲಿಸೋಕೆ ಎದುರಿಗೆ ಒಬ್ಬರು ಬೇಕಲ್ವಾ, ಏನೂ ಬಾರದವರು?

ಅತ್ತೆ: ಏನೂ ಬಾರದವರು ಅಂದ ಕೂಡಲೇ ನನ್ನ ಜ್ಞಾಪಕ ಬಂತು. ಬಹಳ ಸಂತೋಷ.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬೀನ್ಸಿನ ನಾರು ತೆಗೆಯುತ್ತಿದ್ದರು. ಅವರು ಗುಬ್ಬಿಯ ಅಪ್ಪನ ಅಕ್ಕ. ಹಿಂದೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಊರಿನ ಅರ್ಧದಷ್ಟು ಕಚೇರಿಗಳ ಬೆರಳುಗಳು ಅಲ್ಲಿ ಪೆಟ್ಟು ತಿಂದೇ ಪಳಗಿದ್ದವು. ಶಾಲೆಯನ್ನೇನೋ ಮುಚ್ಚಿದ್ದರು, ಬಾಯಿಯನ್ನು ಮುಚ್ಚಿರಲಿಲ್ಲ. ಗುಬ್ಬಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿದ್ದಳು. ಅದರ ಜೊತೆಗೇ ಪಿಯಾನೊ ಕಲಿಸುವವರಿಗಾಗಿ ಇರುವ ಮೇಲ್ಮಟ್ಟದ ಡಿಪ್ಲೊಮಾ ಪರೀಕ್ಷೆಗೂ ಕಟ್ಟಿದ್ದಳು. ಅದರ ಕೊನೆಯ ಭಾಗ ಅಂದು ಮಧ್ಯಾಹ್ನ.

ಅತ್ತೆ: ಆ ಮೇಲಿನ ಮನೆ ಪಾಪು ಬರ್ತೀನಿ ಅಂದಿತ್ತಲ್ಲ?

ಗುಬ್ಬಿ: ಬೆಳಿಗ್ಗೆ ಎದ್ದು ನೋಡಿದ್ರೆ ಎರಡೂ ಕೆನ್ನೆ ಊದಿಕೊಂಡಿದೆಯಂತೆ. ಮಂಗನಬಾವು.

ಅತ್ತೆ: ಪಾಪ. ನಿನ್ನಿಂದ ತಪ್ಪಿಸ್ಕೊಳ್ಳೋಕೆ ಆ ಮಗು ಅಷ್ಟೊಂದು ಕಷ್ಟಪಡಬೇಕಾಗಿತ್ತಾ?

ಗುಬ್ಬಿ: ಅತ್ತೆ, ನಗಬೇಡಿ. ಅಪ್ಪ ಕೆಲಸಕ್ಕೆ ಹೋದ್ರು, ಅಮ್ಮ ಊರಲ್ಲಿಲ್ಲ, ಸ್ನೇಹಿತರೆಲ್ಲ ಲ್ಯಾಬಲ್ಲಿ.

ಅತ್ತೆ: ನಿನಗಿಲ್ವಾ ಲ್ಯಾಬು?

ಗುಬ್ಬಿ: ನಾಳೆಗೆ ಬದಲಾಯಿಸ್ಕೊಂಡಿದೀನಿ.

ಅತ್ತೆ: ಅತ್ತ ಗಾಜಿನ ಕೊಳವೆ, ಇತ್ತ ಪಿಯಾನೊ. ಎರಡು ದೋಣಿ ಮೇಲೆ ಕಾಲಿಟ್ಟೋರು ಕೊನೆಗೆ ಈಜೋದಾದ್ರೂ ಕಲೀತಾರೆ. ನಿನಗೆ ಅದೂ ಬರಲ್ಲ.

ಗುಬ್ಬಿ: ಈ ಪರೀಕ್ಷೆ ವರ್ಷಕ್ಕೊಂದೇ ಸಲ. ಮುಂದಿನ ವರ್ಷ ನಾನು ವಿದ್ಯಾರ್ಥಿನಿ ಅಲ್ಲ. ಯೂನಿವರ್ಸಿಟಿ ಸಂಗೀತದ ಕೋಣೆ ಬೀಗದ ಕೈ ವಾಪಸ್ ಕೊಡಬೇಕು. ನಮ್ಮನೇಲಿ ಪಿಯಾನೊ ಎಲ್ಲಿದೆ? ಅಡುಗೆಮನೆ ಮೇಜಿನ ಮೇಲೆ ಬಾರಿಸ್ಲಾ? ಇವತ್ತು ಬಿಟ್ರೆ ಬಿಟ್ಟ ಹಾಗೇ ಅತ್ತೆ.

ಗುಬ್ಬಿಯ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅತ್ತೆ ಅದನ್ನು ಕೇಳಿಸಿಕೊಂಡರೂ ಕೇಳಿಸದವರಂತೆ ಒಂದು ಬೀನ್ಸನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ಅತ್ತೆ: ಕಲಿಸೋಕೆ ಒಂದು ಡಿಪ್ಲೊಮಾ! ನನ್ನ ಹತ್ರ ಇದ್ದಿದ್ದು ಒಂದು ರೂಲುದೊಣ್ಣೆ. ಅದರ ಮುಂದೆ ನಿಮ್ಮ ಡಿಪ್ಲೊಮಾ ಎಲ್ಲ ಯಾವ ಮೂಲೆಗೆ?

ಗುಬ್ಬಿ: ಅಲ್ಲಿ ರೂಲುದೊಣ್ಣೆ ತೋರಿಸಿದ್ರೆ ಆಚೆ ಕಳಿಸ್ತಾರೆ. ಬೆರಳು ಹಿಡಿದು ಒತ್ತಿಸಿದ್ರೂ ಅಂಕ ಕಳೀತಾರೆ.

ಅತ್ತೆ: ಹೊಡೆಯೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ. ಇನ್ನೇನು ಮಾಡ್ತೀಯ, ಬೇಡ್ಕೋತೀಯಾ?

ಗುಬ್ಬಿ: ಪ್ರಶ್ನೆ ಕೇಳ್ತೀನಿ.

ಅತ್ತೆ: ಗೊತ್ತಿಲ್ಲದವರು ಗೊತ್ತಿರೋರನ್ನ ಕೇಳೋದು ಲೋಕದ ಪದ್ಧತಿ. ನೀನು ತಲೆಕೆಳಗು ಮಾಡಿ ಅದಕ್ಕೂ ಡಿಪ್ಲೊಮಾ ತಗೋತೀಯ. ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ, ಇದ್ಯಾವುದು ಹೊಸದು?

ಗುಬ್ಬಿ: ಕೋಣನ ಕೈಯಲ್ಲೇ ಬಾರಿಸೋ ಹಾಗೆ ಮಾಡಿದ್ರೆ ಡಿಪ್ಲೊಮಾ ಕೊಡ್ತಾರೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಅತ್ತೆ ಕೈಯಲ್ಲಿದ್ದ ಬೀನ್ಸನ್ನು ನಿಧಾನವಾಗಿ ಕೆಳಗಿಟ್ಟರು. ಎದ್ದರು. ಕೈ ತೊಳೆದುಕೊಂಡರು. ಗೂಡಿನಿಂದ ಉಗುರು ಕತ್ತರಿಸುವ ಕತ್ತರಿ ತೆಗೆದರು.

ಗುಬ್ಬಿ: ಅತ್ತೆ, ತಪ್ಪಾಯ್ತು...

ಅತ್ತೆ: ಬಾಯಿ ಮುಚ್ಕೊಂಡು ಚಪ್ಪಲಿ ಹಾಕ್ಕೋ. ಕೋಣ ಒಂದೂ ತಪ್ಪಿಲ್ಲದೆ ಬಾರಿಸೋದನ್ನ ನಿನ್ನ ಪರೀಕ್ಷಕ ನೋಡಲಿ.

ಗುಬ್ಬಿ: ಅಯ್ಯೋ, ತಪ್ಪಿಲ್ಲದೆ ಬಾರಿಸಬೇಡಿ! ನೀವು ತಪ್ಪು ಮಾಡಿದ್ರೇ ನನಗೆ ತಿದ್ದೋಕೆ ಏನಾದ್ರೂ ಇರುತ್ತೆ.

ಅತ್ತೆ: ನಾನು ತಪ್ಪು ಹೊಡೆದಿದ್ದನ್ನ ನೋಡಿದೋರು ಇನ್ನೂ ಹುಟ್ಟಿಲ್ಲ.

*

ವಿಶ್ವವಿದ್ಯಾಲಯದ ಸಂಗೀತದ ಕೋಣೆಯಲ್ಲಿ ಗೋಡೆಗೆ ಒರಗಿಸಿದ ಒಂದು ಹಳೆಯ ಪಿಯಾನೊ, ಅದರ ಮುಂದೆ ಎರಡು ಸ್ಟೂಲು. ಬಲಗಡೆ ಒಂದು ಕುರ್ಚಿಯಲ್ಲಿ ಪರೀಕ್ಷಕರು ತೊಡೆಯ ಮೇಲೆ ಕಾಗದದ ಹಲಗೆ ಇಟ್ಟುಕೊಂಡು ಕುಳಿತಿದ್ದರು. ಅತ್ತೆಯನ್ನು ಕಂಡು ಅವರ ಹುಬ್ಬು ಮೇಲೇರಿತು.

ಪರೀಕ್ಷಕರು: ವಿದ್ಯಾರ್ಥಿ ಹೊರಗಿದಾರಾ?

ಅತ್ತೆ: ನಿಮ್ಮೆದುರಿಗೇ ಇದಾರೆ. ಕನ್ನಡಕ ಒರೆಸ್ಕೊಳ್ಳಿ.

ಪರೀಕ್ಷಕರು: ಕ್ಷಮಿಸಿ. ಸಾಮಾನ್ಯವಾಗಿ ಮಕ್ಕಳು ಬರ್ತಾರೆ.

ಅತ್ತೆ: ಮಕ್ಕಳಿಗೆ ಬುದ್ಧಿ ಇದೆ, ಇವಳ ಪಾಠ ಅಂದ ಕೂಡಲೇ ಕೆನ್ನೆ ಊದಿಸ್ಕೊಂಡು ಮಲಗ್ತಾರೆ.

ಗುಬ್ಬಿಯ ಮುಖ ಕೆಂಪಾಯಿತು. ಪರೀಕ್ಷಕರು ಬರೆಯಲು ಹೋಗಿ, ಏನು ಬರೆಯಬೇಕೆಂದು ತಿಳಿಯದೆ ನಿಲ್ಲಿಸಿದರು.

ಪರೀಕ್ಷಕರು: ಪಾಠ ಶುರು ಮಾಡಿ. ಮುಗಿದ ಮೇಲೆ ನಾನು ಇವರನ್ನ ಒಬ್ಬರನ್ನೇ ಕೂರಿಸ್ಕೊಂಡು ಒಂದು ಪ್ರಶ್ನೆ ಕೇಳ್ತೀನಿ. ಅದೂ ಪರೀಕ್ಷೆಯ ಭಾಗವೇ.

ಗುಬ್ಬಿಗೆ ಇದು ಗೊತ್ತಿತ್ತು. ಆದರೆ ಒಬ್ಬಳೇ ಕುಳಿತು ಉತ್ತರ ಹೇಳುವವಳು ಆರು ವರ್ಷದ ಪಾಪು ಎಂದು ಇಷ್ಟು ದಿನ ಧೈರ್ಯವಾಗಿದ್ದಳು. ಈಗ ಅತ್ತೆಯ ಕಡೆ ನೋಡಿದಳು. ಅತ್ತೆ ಆಗಲೇ ಬೆನ್ನು ನೆಟ್ಟಗೆ ಮಾಡಿ, ಹತ್ತು ಬೆರಳನ್ನೂ ಕೀಲಿಗಳ ಮೇಲೆ ಜೋಡಿಸಿಕೊಂಡಿದ್ದರು.

ಗುಬ್ಬಿ ಒಂದು ಚಿಕ್ಕ ಸಾಲನ್ನು ನುಡಿಸಿ ತೋರಿಸಿದಳು. ತೊಟ್ಟಿಲಲ್ಲಿರುವ ಮಗುವನ್ನು ಮಲಗಿಸುವಂಥ ಮೆಲುವಾದ ಸಾಲು. ಯಾವ ಬೆರಳಿಗೆ ಯಾವ ಕೀಲಿ ಎಂದು ಒಮ್ಮೆ ಹೇಳಿದ್ದೇ ತಡ, ಅತ್ತೆ ಅದನ್ನು ಟಕಟಕಟಕ ಎಂದು ಬಾರಿಸಿ ಮುಗಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಕಿಟಕಿಯ ಗಾಜು ಮಾತ್ರ ನಡುಗಿತು. ಸಾಲು ಮುಗಿದದ್ದೇ ಅವರ ಎಡಗೈ ತಾನಾಗಿ ಮೇಲಕ್ಕೆ ಹಾರಿ, ಟೈಪ್ ಮೆಷಿನ್ನಿನ ಉರುಳೆಯನ್ನು ಹೊಸ ಸಾಲಿಗೆ ತಳ್ಳುವಂತೆ ರಪ್ಪನೆ ಬಲಕ್ಕೆ ತಳ್ಳಿತು. ಅಲ್ಲಿ ಉರುಳೆ ಇರಲಿಲ್ಲ, ಸ್ವರದ ಪುಸ್ತಕವಿತ್ತು. ಅದು ಹಾರಿ ಪರೀಕ್ಷಕರ ತೊಡೆಯ ಮೇಲೆ ಬಿತ್ತು.

ಅತ್ತೆ: ಮುಂದಿನ ಸಾಲು?

ಗುಬ್ಬಿ: ಅತ್ತೆ... ಇದಕ್ಕೆ ಹಾಗೆ ತಳ್ಳೋದು ಇಲ್ಲ.

ಅತ್ತೆ: ತಳ್ಳದೇ ಹೊಸ ಸಾಲು ಹೇಗೆ ಬರುತ್ತೆ? ಯಾರು ಮಾಡಿದ್ದು ಈ ಮೆಷಿನ್ನು?

ಪರೀಕ್ಷಕರು ಪುಸ್ತಕವನ್ನು ಮೊದಲಿನ ಜಾಗದಲ್ಲಿ ಇಟ್ಟರು.

ಗುಬ್ಬಿ: ಇನ್ನೊಂದು ಸಲ ಬಾರಿಸಿ. ಈ ಸಲ ಪಕ್ಕದಲ್ಲಿ ಮಗು ಮಲಗಿದೆ ಅಂದ್ಕೊಳ್ಳಿ.

ಟಕಟಕಟಕ, ರಪ್. ಪುಸ್ತಕ ಹಾರಿತು. ಪರೀಕ್ಷಕರು ಈ ಬಾರಿ ಗಾಳಿಯಲ್ಲೇ ಹಿಡಿದರು.

ಗುಬ್ಬಿ: ಮಗು ಏನಾಯ್ತು?

ಅತ್ತೆ: ಎದ್ದಿರುತ್ತೆ. ಎದ್ದು ಕೆಲಸ ಮಾಡಲಿ. ಹಗಲು ಹೊತ್ತು ಯಾಕೆ ಮಲಗಬೇಕು?

ಗುಬ್ಬಿಗೆ ಕೈ ಚಾಚಿ ಆ ಗಟ್ಟಿ ಬೆರಳುಗಳನ್ನು ಹಿಡಿದುಬಿಡಬೇಕು ಎನ್ನಿಸಿತು. ಚಾಚದ ಹಾಗೆ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಅವುಗಳ ಮೇಲೆ ಕುಳಿತಳು.

ಗುಬ್ಬಿ: ನಿಮ್ಮ ಶಾಲೆಯಲ್ಲಿ ಒಂದಕ್ಷರ ಗಾಢ, ಒಂದಕ್ಷರ ತೆಳು ಹೊಡೆದ್ರೆ ಏನು ಮಾಡ್ತಿದ್ರಿ?

ಅತ್ತೆ: ಹಾಳೆ ಹರಿದು ಮುಖಕ್ಕೆ ಎಸೀತಿದ್ದೆ. ಎಲ್ಲ ಅಕ್ಷರಕ್ಕೂ ಒಂದೇ ಏಟು. ಅದೇ ವಿದ್ಯೆ.

ಗುಬ್ಬಿ: ತೆಳು ಅಕ್ಷರ ಹೇಗೆ ಬರುತ್ತೆ?

ಅತ್ತೆ: ಸೋಮಾರಿಗಳು ಬೆರಳು ಜಾರಿಸ್ತಾರೆ, ಬರುತ್ತೆ.

ಗುಬ್ಬಿ: ನಿಮಗೆ ಬರುತ್ತಾ?

ಅತ್ತೆ: ಏನು?

ಗುಬ್ಬಿ: ತೆಳು ಅಕ್ಷರ ಹೊಡೆಯೋಕೆ. ಬೇಕಂತಲೇ.

ಅತ್ತೆ: ಸೋಮಾರಿಗಳಿಗೇ ಬರೋದು ನನಗೆ ಬರಲ್ವಾ? ನೋಡು.

ಅತ್ತೆ ಒಂದು ಬೆರಳನ್ನು ಕೀಲಿಯ ಮೇಲಿಟ್ಟು ನಿಧಾನವಾಗಿ ಒತ್ತಿದರು. ಕೀಲಿ ಕೆಳಗಿಳಿಯಿತು. ಸದ್ದೇ ಬರಲಿಲ್ಲ.

ಅತ್ತೆ: ಕೆಟ್ಟಿದೆ ಇದು. ಸರ್ಕಾರಿ ಮೆಷಿನ್ನು.

ಗುಬ್ಬಿ: ಕೆಟ್ಟಿದೆಯಾ?

ಅತ್ತೆ ಮತ್ತೆ ಒತ್ತಿದರು. ಢಣ್ ಎಂದಿತು. ಮತ್ತೆ ಒತ್ತಿದರು. ಸದ್ದಿಲ್ಲ. ಢಣ್. ಸದ್ದಿಲ್ಲ. ಪರೀಕ್ಷಕರು ಗಡಿಯಾರ ನೋಡಿದರು. ಅತ್ತೆಯ ಹಣೆಯಲ್ಲಿ ಬೆವರು ಮೂಡಿತು.

ಅತ್ತೆ: ಎಷ್ಟು ಒತ್ತಬೇಕು ಅಂತ ಹೇಳೇ, ಸುಮ್ನೆ ಕೂತಿದೀಯಲ್ಲ!

ಗುಬ್ಬಿ: ಹಾಳೆಗಳ ಮಧ್ಯೆ ಕಾರ್ಬನ್ ಕಾಗದ ಇಟ್ಟು ಹೊಡೆದಾಗ ಮೂರನೇ ಪ್ರತಿ ಹೇಗಿರ್ತಿತ್ತು?

ಅತ್ತೆ: ಹೇಗಿರುತ್ತೆ, ಮಸುಕಾಗಿ. ಇದೆಯೋ ಇಲ್ವೋ ಅನ್ನೋ ಹಾಗೆ. ಆದ್ರೆ ಓದೋಕಾಗ್ತಿತ್ತು.

ಗುಬ್ಬಿ: ಹೂಂ.

ಅತ್ತೆ: ಹೂಂ ಅಂದ್ರೇನು? ಇವಳೊಬ್ಬಳು...

ಅಷ್ಟರಲ್ಲಿ ಅತ್ತೆ ಬೈಯುವುದನ್ನು ನಿಲ್ಲಿಸಿದರು. ಬೆರಳನ್ನು ನೋಡಿದರು. ಕಣ್ಣು ಮುಚ್ಚಿ ಒತ್ತಿದರು.

ಒಂದು ಸ್ವರ ಬಂತು. ಮೆಲ್ಲಗೆ, ಪಕ್ಕದ ಕೋಣೆಯಿಂದ ಬಂದ ಹಾಗೆ.

ಅತ್ತೆ: ಯಾರು ಮಾಡಿದ್ದು ಅದು?

ಗುಬ್ಬಿ: ನಾನಲ್ಲ. ನನ್ನ ಕೈ ಇಲ್ಲಿದೆ.

ಅತ್ತೆ ಯಾರ ಅಪ್ಪಣೆಗೂ ಕಾಯಲಿಲ್ಲ. ಮೊದಲ ಸ್ವರದಿಂದ ಶುರುಮಾಡಿದರು. ಒಂದು ಬಂತು, ಒಂದು ಬರಲಿಲ್ಲ, ಒಂದು ಜೋರಾಯಿತು. ಆ ಜೋರಾದ ಸ್ವರಕ್ಕೆ "ಥೂ, ದಡ್ಡಿ" ಎಂದು ತಮಗೆ ತಾವೇ ಬೈದುಕೊಂಡರು. ಮತ್ತೆ ಮೊದಲಿನಿಂದ. ಈ ಸಲ ಸಾಲು ನಿಧಾನವಾಗಿ, ಕುಂಟುತ್ತಾ, ಆದರೆ ಮೆಲುವಾಗಿಯೇ ಕೊನೆಯವರೆಗೆ ಹೋಯಿತು. ಪರೀಕ್ಷಕರು ಅಭ್ಯಾಸಬಲದಿಂದ ಪುಸ್ತಕ ಹಿಡಿಯಲು ಕೈ ಚಾಚಿದ್ದರು. ಪುಸ್ತಕ ಬರಲಿಲ್ಲ. ಅತ್ತೆಯ ಎಡಗೈ ತಳ್ಳುವುದನ್ನು ಮರೆತು ಕೊನೆಯ ಸ್ವರದ ಮೇಲೆಯೇ ಕುಳಿತಿತ್ತು.

ಪರೀಕ್ಷಕರು: ಸಮಯ ಆಯ್ತು.

ಅತ್ತೆ: ಸುಮ್ನಿರ್ರೀ.

ಪರೀಕ್ಷಕರು ಸುಮ್ಮನಾದರು. ಸ್ವರ ಪೂರ್ತಿ ಅಡಗಿದ ಮೇಲೆ ಗುಬ್ಬಿಗೆ ಹೊರಗೆ ಕಾಯಲು ಹೇಳಿ ಬಾಗಿಲು ಹಾಕಿಕೊಂಡರು.

ಪರೀಕ್ಷಕರು: ಈಗ ನನ್ನ ಪ್ರಶ್ನೆ. ನಿಮ್ಮ ಶಿಕ್ಷಕಿ ಇವತ್ತು ನಿಮಗೆ ಏನು ಕಲಿಸಿದ್ರು?

ಅತ್ತೆ: ಇವಳಾ? ಏನೂ ಇಲ್ಲ.

ಪರೀಕ್ಷಕರು: ಏನೂ ಇಲ್ವಾ?

ಅತ್ತೆ: ನೀವೇ ನೋಡಿದ್ರಲ್ಲ. ಕೈ ಕೆಳಗಿಟ್ಕೊಂಡು ದೇವರ ಹಾಗೆ ಕೂತಿದ್ಲು. ನಾನು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ತಿರುಗಿ ನನ್ನನ್ನೇ ಕೇಳಿದ್ಲು. ಮೆಲ್ಲಗೆ ಒತ್ತೋದು ಹೇಗೆ ಅಂತ ಕಂಡುಹಿಡಿದಿದ್ದು ನಾನು. ಅದು ನನ್ನ ಬೆರಳು, ನನ್ನ ಕಾರ್ಬನ್ನು, ನನ್ನ ಬುದ್ಧಿ. ಅದರಲ್ಲಿ ಇವಳದೇನಿದೆ? ನಾನಾಗಿದ್ರೆ ಇಷ್ಟು ಹೊತ್ತಿಗೆ ಹತ್ತು ಸಲ ಹೇಳಿಕೊಟ್ಟಿರ್ತಿದ್ದೆ.

ಪರೀಕ್ಷಕರು: ನೀವು ಹೇಳಿಕೊಟ್ಟೋರು ಮರೀತಿರಲಿಲ್ವಾ?

ಅತ್ತೆ: ಮರೀತಿದ್ರು. ಅದಕ್ಕೇ ರೂಲುದೊಣ್ಣೆ.

ಪರೀಕ್ಷಕರು: ಈಗ ನೀವು ಕಂಡುಹಿಡಿದಿದ್ದನ್ನ ನಾಳೆಗೆ ಮರೀತೀರಾ?

ಅತ್ತೆ: ನಾನೇ ಕಂಡುಹಿಡಿದಿದ್ದನ್ನ ನಾನೇ ಯಾಕ್ರೀ ಮರೀಲಿ?

ಪರೀಕ್ಷಕರು ಮೊಟ್ಟಮೊದಲ ಸಲ ನಕ್ಕರು. ಹಲಗೆಯ ಮೇಲೆ ಬಾಗಿ ಬಹಳ ಹೊತ್ತು ಬರೆದರು.

*

ಹೊರಗೆ ಗುಬ್ಬಿ ಗೋಡೆಗೆ ಒರಗಿ ನಿಂತಿದ್ದಳು. ಅತ್ತೆ ಬಾಗಿಲು ತೆಗೆದು ಬಂದರು.

ಗುಬ್ಬಿ: ಏನು ಹೇಳಿದ್ರಿ ಅತ್ತೆ?

ಅತ್ತೆ: ಇದ್ದದ್ದು ಇದ್ದ ಹಾಗೆ ಹೇಳಿದೆ. ನೀನು ಏನೂ ಕಲಿಸಲಿಲ್ಲ ಅಂತ.

ಗುಬ್ಬಿ: ಅತ್ತೆ!

ಅತ್ತೆ: ಸುಳ್ಳು ಹೇಳ್ಲಾ ನಿನಗೋಸ್ಕರ?

ಗುಬ್ಬಿಯ ಕಣ್ಣು ತುಂಬಿತು. ಜೇಬಿನಿಂದ ಸಂಗೀತದ ಕೋಣೆಯ ಬೀಗದ ಕೈ ತೆಗೆದು ಅಂಗೈಯಲ್ಲಿ ಹಿಡಿದು ನೋಡುತ್ತಾ ನಿಂತಳು. ಅಷ್ಟರಲ್ಲಿ ಪರೀಕ್ಷಕರು ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದರು.

ಪರೀಕ್ಷಕರು: ಕಾಗದ ಆಮೇಲೆ ಬರುತ್ತೆ. ಆದ್ರೆ ಅಳ್ತಾ ನಿಂತವರಿಗೆ ಹೇಳದೇ ಹೋಗೋದು ಸರಿಯಲ್ಲ. ಪಾಸಾಗಿದೀರಿ. ಕೊನೆ ಪ್ರಶ್ನೆಗೆ ಪೂರ್ತಿ ಅಂಕ. ಕಲಿತೋರೇ "ನನಗೆ ಯಾರೂ ಕಲಿಸಲಿಲ್ಲ, ನಾನೇ ಕಂಡುಹಿಡಿದೆ" ಅಂತ ಜಂಬ ಕೊಚ್ಕೊಳ್ಳೋ ಹಾಗೆ ಕಲಿಸೋರನ್ನ ನಾನು ಹೆಚ್ಚು ನೋಡಿಲ್ಲ.

ಅವರು ಮೆಟ್ಟಿಲಿಳಿದು ಹೋದರು. ಗುಬ್ಬಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು.

ಅತ್ತೆ: ನೋಡಿದ್ಯಾ ನಿನ್ನ ಡಿಪ್ಲೊಮಾದ ಯೋಗ್ಯತೆ? ಏನೂ ಕಲಿಸದಿದ್ರೆ ಪೂರ್ತಿ ಅಂಕ ಅಂತೆ!

ಗುಬ್ಬಿ: ಹೌದು ಅತ್ತೆ. ಬನ್ನಿ, ಮನೆಗೆ ಹೋಗೋಣ.

ಅತ್ತೆ ಅಲುಗಲಿಲ್ಲ. ಗುಬ್ಬಿಯ ಅಂಗೈಯಲ್ಲಿದ್ದ ಬೀಗದ ಕೈಯನ್ನೇ ನೋಡುತ್ತಿದ್ದರು.

ಅತ್ತೆ: ಅದನ್ನ ಯಾವಾಗ ವಾಪಸ್ ಕೊಡಬೇಕು?

ಗುಬ್ಬಿ: ಕಾಲೇಜು ಮುಗಿದ ಮೇಲೆ.

ಅತ್ತೆ: ಹಾಗಾದ್ರೆ ನಾಳೆ ಲ್ಯಾಬು ಮುಗಿಸ್ಕೊಂಡು ಇಲ್ಲಿಗೆ ಬಾ. ನಾನೂ ಬರ್ತೀನಿ. ಎರಡನೇ ಸಾಲು ಕಂಡುಹಿಡೀಬೇಕು. ನೀನೇನೂ ಕಲಿಸೋಕೆ ಬರಬೇಡ, ಇವತ್ತಿನ ಹಾಗೇ ಕೈ ಕೆಳಗಿಟ್ಕೊಂಡು ಪಕ್ಕದಲ್ಲಿ ಕೂತಿರು. ಕೂತ್ಕೊಳ್ಳೋಕೆ ಹೇಗೂ ಡಿಪ್ಲೊಮಾ ಸಿಕ್ಕಿದೆಯಲ್ಲ.